ರೊಟ್ಟಿ ಬಡಿದಾಕಿಗೆ ಬಿಸಿ ರೊಟ್ಟಿ ಯಾವಾಗ?

ಓದುಗರೇ, ಒಂದು ಸಣ್ಣ ಪ್ರಶ್ನೆ. ನಿಮ್ಮ ಅವ್ವ ಹಂಚಿನಿಂದ ಆಗಷ್ಟೇ ಇಳಿದ ರೊಟ್ಟಿಯನ್ನು ಬಿಸಿಬಿಸಿಯಾಗಿ ಉಂಡದ್ದು ಕೊನೆಯ ಸಲ ಯಾವಾಗ? ಗಡಿಬಿಡಿ ಮಾಡಬೇಡಿ. ಫೋನ್ ಬದಿಗಿಟ್ಟು ನೆನಪು ಮಾಡಿಕೊಳ್ಳಿ.

ನಮಗಂತೂ ನೆನಪಾಗಲಿಲ್ಲ. ಹೋದ ಚಳಿಗಾಲದ ಒಂದು ರಾತ್ರಿ ಒಲೆಯ ಮುಂದೆ ಕೂತು ಉಣ್ಣುತ್ತಿದ್ದೆವು. ಅವ್ವ ಬಡಿಯುವುದು, ನಾವು ಉಣ್ಣುವುದು. ನಾಲ್ಕನೆಯ ರೊಟ್ಟಿ ತಾಟಿಗೆ ಬಿದ್ದಾಗ ಸುಮ್ಮನೆ ಕೇಳಿದೆವು: “ಅವ್ವಾ, ನೀ ಬಿಸಿ ರೊಟ್ಟಿ ಯಾವಾಗ ಉಣ್ತೀ?” ಅವ್ವ ಹಂಚಿನ ಮೇಲಿನ ಕಣ್ಣು ತೆಗೆಯದೇ ಹೇಳಿದಳು: “ಬಿಸಿ ರೊಟ್ಟಿ ಉಣ್ಣಾಕ ನಾ ಏನ್ ಬೀಗರೇನಪಾ?”

ಮನೆಯವರೆಲ್ಲ ನಕ್ಕರು. ನಾವೂ ನಕ್ಕೆವು. ಆದರೆ ಐದನೆಯ ರೊಟ್ಟಿ ಮುರಿಯುವಾಗ ಕೈ ಸ್ವಲ್ಪ ತಡೆಯಿತು. ಮೂವತ್ತು ದಾಟಿದ ನಾವು, ಪತ್ರಿಕೋದ್ಯಮ ಡಿಪ್ಲೊಮಾ ಮಾಡಿ ಊರೂರು ಸುತ್ತಿ ಎಲ್ಲರಿಗೂ ಪ್ರಶ್ನೆ ಕೇಳುವ ನಾವು, ನಮ್ಮ ಮನೆಯ ಒಲೆಯ ಮುಂದೆ ಕೂತಾಕೆಗೆ ಈ ಪ್ರಶ್ನೆಯನ್ನು ಅಲ್ಲಿಯ ತನಕ ಕೇಳಿಯೇ ಇರಲಿಲ್ಲ.

ಮೊದಲೇ ಹೇಳಿಬಿಡುತ್ತೇವೆ, ಇದು ಮನೆ ಊಟವನ್ನು ಹಳಿಯುವ ಬರಹ ಅಲ್ಲ. ನಾವು ಊಟದ ಮಂದಿ. ಸುದ್ದಿಯ ನೆವದಲ್ಲಿ ಹಾನಗಲ್ಲ, ಶಿಗ್ಗಾವಿ, ಸವಣೂರ, ಹಿರೇಕೆರೂರ ತಾಲ್ಲೂಕುಗಳನ್ನು ಬೈಕ್ ಮೇಲೆ ಸುತ್ತುವವರು. ವಾರದಲ್ಲಿ ನಾಲ್ಕು ದಿನ ಮಧ್ಯಾಹ್ನದ ಊಟ ಹೊರಗೇ. ಸುದ್ದಿ ಸಿಗದ ದಿನವೂ ಊಟ ಸಿಕ್ಕಿದೆ ಎಂದು ಸಮಾಧಾನ ಮಾಡಿಕೊಂಡು ಮನೆಗೆ ಬಂದವರು.

ಒಂದೇ ಜಿಲ್ಲೆ, ನಾಲ್ಕು ತಾಟು

1997ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರೆಯಾದ ನಮ್ಮ ಹಾವೇರಿ ಜಿಲ್ಲೆ ದೊಡ್ಡದೇನಲ್ಲ. ಆದರೂ ಮುಂಜಾನೆ ಹೊರಟವನು ಸಂಜೆಯೊಳಗೆ ನಾಲ್ಕು ನಮೂನೆಯ ತಾಟು ನೋಡಬಹುದು.

ಹಾನಗಲ್ಲ ಕಡೆ ಹೋದರೆ ಮಲೆನಾಡಿನ ಸೆರಗು. ವರದಾ, ಧರ್ಮಾ ನದಿಗಳ ಸೀಮೆ, ಭತ್ತದ ಗದ್ದೆ. ಅಲ್ಲಿಯ ಊಟದಲ್ಲಿ ಅನ್ನಕ್ಕೆ ದೊಡ್ಡ ಮರ್ಯಾದೆ. ರೊಟ್ಟಿ ಉಂಡರೂ ಕೊನೆಗೆ ಅನ್ನ ಸಾರು ಬೀಳದಿದ್ದರೆ ಊಟ ಮುಗಿದಂತಲ್ಲ. ಅಲ್ಲಿಂದ ಮೂಡಣಕ್ಕೆ ತಿರುಗಿ ಸವಣೂರಿಗೆ ಬಂದರೆ ನೆಲ ಬಯಲು, ಊಟ ಜೋಳ. ಊಟವಾದ ಮೇಲೆ ಸವಣೂರಿನ ವೀಳ್ಯದೆಲೆ. ಮನೆಗೆ ಹೊರಡುವಾಗ ಕೈಯಲ್ಲಿ ಸವಣೂರ ಖಾರದ ಪೊಟ್ಟಣ. ಬೆಂಗಳೂರಿಗೆ ಹೋಗುವ ಹುಡುಗರ ಬ್ಯಾಗಿನಲ್ಲಿ ಬಟ್ಟೆ ಮರೆತೀತು, ಆ ಪೊಟ್ಟಣ ಮರೆಯುವುದಿಲ್ಲ.

ಶಿಗ್ಗಾವಿ ತಾಲ್ಲೂಕಿನ ಎದೆಯ ಮೇಲೇ ಬೆಂಗಳೂರು–ಪುಣೆ ಹೆದ್ದಾರಿ ಹಾದಿದೆ. ಬಂಕಾಪುರ ದಾಟಿ ಗೊಟಗೋಡಿ ಕಡೆ ಬರುವಷ್ಟರಲ್ಲಿ ಢಾಬಾ, ಖಾನಾವಳಿ, ಚಹಾದಂಗಡಿ ಎಲ್ಲ ಸಿಗುತ್ತವೆ. ಲಾರಿ ಚಾಲಕನ ಪಂಜಾಬಿ ದಾಲ್ ಮತ್ತು ನಮ್ಮ ಜುಣಕ ಒಂದೇ ಮೇಜಿನ ಮೇಲೆ ಕೂಡುವುದು ಅಲ್ಲೇ. ಇನ್ನು ಹಿರೇಕೆರೂರ ಕಡೆ ಮುಂಗಾರಿನಲ್ಲಿ ಎತ್ತ ನೋಡಿದರೂ ಗೋವಿನಜೋಳ. ಅದು ಉಣ್ಣುವುದಕ್ಕಲ್ಲ, ಮಾರುವುದಕ್ಕೆ. ಕೋಳಿ ಆಹಾರಕ್ಕೆ, ಕಾರ್ಖಾನೆಗೆ ಹೋಗುವ ಬೆಳೆ. ಹಾಗಾಗಿ ಹೊಲ ಇದ್ದ ರೈತನ ಮನೆಯಲ್ಲೂ ರೊಟ್ಟಿಯ ಜೋಳ ಪೇಟೆಯಿಂದ ಬರುತ್ತದೆ.

ನಾಲ್ಕೂ ಕಡೆ ಒಂದು ಮಾತ್ರ ಸಮಾನ, ಕೆಂಪು ಬಣ್ಣ. ಪಕ್ಕದ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ಬಣ್ಣ ಜಾಸ್ತಿ, ಖಾರ ಕಡಿಮೆ ಅದರ ಗುಣ. ಎಣ್ಣೆಗಾಯಿಯ ಮೇಲೆ ಕೆಂಪಗೆ ತೇಲುವ ಎಣ್ಣೆ ನೋಡಿ ಮೈಸೂರು ಕಡೆಯ ನೆಂಟರು ಹೆದರುತ್ತಾರೆ. ಉಂಡ ಮೇಲೆ ಇನ್ನೊಂದು ಬದನೆಕಾಯಿ ಕೇಳುತ್ತಾರೆ.

ಸಂಜೆಯ ಮಿರ್ಚಿ

ಇನ್ನು ಹೊರಗಿನ ತಿನಿಸಿನ ಸುಖ. ಮಳೆ ಹನಿಯುವ ಸಂಜೆ, ಬಸ್‌ಸ್ಟ್ಯಾಂಡಿನ ಎದುರಿನ ಗಾಡಿ, ಕಡಾಯಿಯಲ್ಲಿ ಕುಣಿಯುವ ಮಿರ್ಚಿ. ಪೇಪರಿನ ಮೇಲೆ ಮಂಡಕ್ಕಿ ಒಗ್ಗರಣಿ, ಮೇಲೆ ಪುಟಾಣಿ ಹಿಟ್ಟು, ಹೆಚ್ಚಿದ ಉಳ್ಳಾಗಡ್ಡಿ, ಲಿಂಬು. ಒಂದು ಮುಷ್ಟಿ ಮಂಡಕ್ಕಿ, ಒಂದು ಕಚ್ಚು ಮಿರ್ಚಿ. ಮೇಲೆ ಅರ್ಧ ಕಪ್ ಚಹಾ. ಇದರ ಮುಂದೆ ನಮಗೆ ಯಾವ ದೊಡ್ಡ ಊರಿನ ಹೋಟೆಲೂ ಬೇಡ. ಗಿರಮಿಟ್, ಪಡ್ಡು, ಮುಂಜಾನೆಯ ಶಿರಾ-ಉಪ್ಪಿಟ್ಟು, ಪೂರಿ-ಭಾಜಿ, ಒಂದೊಂದಕ್ಕೂ ಒಂದೊಂದು ಗಾಡಿ, ಒಂದೊಂದಕ್ಕೂ ಅದರದೇ ಭಕ್ತರು.

ಮಧ್ಯಾಹ್ನವಾದರೆ ಖಾನಾವಳಿ. ಎರಡು ಜೋಳದ ರೊಟ್ಟಿ, ಎಣ್ಣೆಗಾಯಿ, ಮಡಿಕೆ ಕಾಳಿನ ಪಲ್ಯ, ಶೇಂಗಾ ಚಟ್ನಿ, ಕೆಂಪು ಖಾರ, ಗಟ್ಟಿ ಮೊಸರು. ಪಕ್ಕದ ತಾಟಿನಲ್ಲಿ ಹಸಿ ಉಳ್ಳಾಗಡ್ಡಿ, ಸೌತೆಕಾಯಿ, ಮೆಂತ್ಯ ಸೊಪ್ಪು. ಕೊನೆಗೆ ಅನ್ನ, ಸಾರು, ಮಜ್ಜಿಗೆ. “ಇನ್ನೊಂದು ರೊಟ್ಟಿ ಹಾಕ್ಲೇನ್ರಿ?” ಎಂದು ಕೇಳುವ ದನಿ. ಖಾನಾವಳಿಯ ಬೋರ್ಡಿನ ಮೇಲೆ ಏನೇ ಬರೆದಿರಲಿ, ಅವರು ಮಾರುವುದು ಒಂದೇ ಮಾತು, ಮನೆ ಊಟ.

ಇಲ್ಲೊಂದು ವಿಚಿತ್ರ ಇದೆ. ಮನೆಯಲ್ಲಿ ಇರುವಾಗ ನಮಗೆ ಹೊರಗಿನ ತಿನಿಸು ಬೇಕು. ಹೊರಗೆ ಹೋದರೆ ಮನೆಯಂಥ ಊಟ ಬೇಕು. ಎರಡೂ ನಮಗೇ ಸಿಗುತ್ತವೆ. ಆದರೆ ಆ ‘ನಾವು’ ಯಾರು? ಅವ್ವನ ಮಾತು ಕೇಳಿದ ಮರುದಿನದಿಂದ ಹೋಟೆಲಿಗೆ ಹೋದಾಗಲೆಲ್ಲ ಒಂದು ಸಲ ಸುತ್ತಲೂ ನೋಡುವ ಚಟ ಅಂಟಿತು. ಮಿರ್ಚಿ ಗಾಡಿಯ ಸುತ್ತ ಗಂಡಸರು. ಚಹಾದ ಕಟ್ಟೆಯ ಮೇಲೆ ಗಂಡಸರು. ಖಾನಾವಳಿಯ ಉದ್ದನೆಯ ಮೇಜಿನ ಎರಡೂ ಬದಿಗೆ ಗಂಡಸರು. ಹೆಂಗಸರು ಇರಲಿಲ್ಲವೇ? ಇದ್ದರು, ಒಳಗೆ, ಹಂಚಿನ ಮುಂದೆ.

ಬಸ್ಸು ಉಚಿತ, ಊಟ?

ರಾಜ್ಯದಲ್ಲಿ 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಯಿತು. 2025ರ ಜುಲೈ ಹೊತ್ತಿಗೆ ಉಚಿತ ಟಿಕೆಟುಗಳ ಲೆಕ್ಕ 500 ಕೋಟಿ ದಾಟಿತು. ನಮ್ಮ ತಾಲ್ಲೂಕುಗಳ ಬಸ್ಸುಗಳಲ್ಲೂ ಅದು ಕಣ್ಣಿಗೆ ಕಾಣುತ್ತದೆ. ಸಂತೆಗೆ, ದವಾಖಾನೆಗೆ, ಬ್ಯಾಂಕಿಗೆ, ತವರಿಗೆ, ಗುಡಿಗೆ, ಮೊದಲು ಗಂಡನನ್ನು ಕಾಯಬೇಕಿದ್ದ ಹೆಂಗಸರು ಈಗ ತಾವೇ ಹೊರಟು ಬರುತ್ತಾರೆ.

ಬಂದವರು ಏನು ತಿನ್ನುತ್ತಾರೆ? ಇದನ್ನು ನೋಡಲೆಂದೇ ಒಂದು ಸಂತೆಯ ದಿನ ತಾಲ್ಲೂಕು ಊರೊಂದರಲ್ಲಿ ಮುಂಜಾನೆಯಿಂದ ಸಂಜೆ ತನಕ ಇದ್ದೆವು. ಕೆಲವರು ಬುತ್ತಿ ಗಂಟು ತಂದಿದ್ದರು, ಮರದ ಕೆಳಗೆ ಬಿಚ್ಚಿದರು. ಕೆಲವರು ಮಕ್ಕಳಿಗೆ ಬಿಸ್ಕಿಟ್ ಪ್ಯಾಕೆಟ್ ಕೊಡಿಸಿ ತಾವು ಸುಮ್ಮನಿದ್ದರು. ಹೆಚ್ಚಿನವರು ಏನೂ ತಿನ್ನದೆ ಸಂಜೆಯ ಬಸ್ಸು ಹತ್ತಿದರು. ಮನೆಗೆ ಹೋಗಿ ಮತ್ತೆ ಒಲೆ ಹಚ್ಚಬೇಕಲ್ಲ.

ಬುತ್ತಿಯೂ ತರದೆ, ಚಹಾವೂ ಕುಡಿಯದೆ ಕೂತಿದ್ದ ನಡುವಯಸ್ಸಿನ ಅಕ್ಕನೊಬ್ಬಳನ್ನು ಕೇಳಿದೆವು, “ಯಾಕಕ್ಕಾ, ಹಸಿವಾಗಿಲ್ಲೇನು?” ಆಕೆ ಹೇಳಿದ್ದನ್ನು ಇದ್ದಂತೆಯೇ ಬರೆಯುತ್ತಿದ್ದೇವೆ: “ಹಸಿವ್ಯಾಕ ಆಗಂಗಿಲ್ಲ ತಮ್ಮಾ? ತಿಂದ್ರ ನೀರ ಕುಡೀಬೇಕು. ನೀರ ಕುಡಿದ್ರ ಹೋಗಾಕ ಜಾಗಾ ಬೇಕು. ಅದು ಎಲ್ಲೈತಿ ತೋರ್ಸು ನೋಡೂಣು.”

ಇಷ್ಟು ವರ್ಷ ಹೋಟೆಲುಗಳ ರುಚಿಯ ಬಗ್ಗೆ, ರೇಟಿನ ಬಗ್ಗೆ ಬರೆದಿದ್ದೇವೆ. ಅಲ್ಲಿ ಹೆಂಗಸರಿಗೆ ಶೌಚಾಲಯ ಉಂಟೇ, ಬಾಗಿಲಿಗೆ ಚಿಲಕ ಉಂಟೇ, ಒಳಗೆ ನೀರು ಉಂಟೇ ಎಂದು ಒಂದು ಸಾಲೂ ಬರೆದಿರಲಿಲ್ಲ. ನಮಗೆ ಅದು ಬೇಕಾಗಿರಲಿಲ್ಲ, ಅದಕ್ಕೇ ಕಾಣಲಿಲ್ಲ.

ಶೌಚಾಲಯ ಒಂದೇ ಕಾರಣವಲ್ಲ. ಇನ್ನೊಂದು ಕಾರಣ ನಮ್ಮ ಕಣ್ಣು. ಒಬ್ಬಳೇ ಹೆಂಗಸು ಹೋಟೆಲಿಗೆ ಬಂದು ಮಸಾಲೆ ದೋಸೆ ಹೇಳಿದರೆ ನಾಲ್ಕು ಮೇಜಿನವರು ತಿರುಗಿ ನೋಡುತ್ತಾರೆ. ಊರಿನವರು ಯಾರಾದರೂ ಕಂಡರಂತೂ ಆಕೆಗಿಂತ ಮೊದಲು ಸುದ್ದಿ ಮನೆ ಮುಟ್ಟುತ್ತದೆ. ಅದೇ ಹೋಟೆಲಿನಲ್ಲಿ ನಾವು ದಿನಾ ಕೂತರೆ ಯಾರೂ ಕೇಳುವುದಿಲ್ಲ. ‘ಫ್ಯಾಮಿಲಿ ರೂಮ್’ ಎಂದು ಬರೆದ ಕಡೆ ನೋಡಿ. ಹಿಂದಿನ ಮೂಲೆ, ಕತ್ತಲೆ, ಮಾಸಿದ ಪರದೆ, ತಿರುಗದ ಫ್ಯಾನು. ಗಾಳಿ ಬೆಳಕಿನ ಜಾಗವೆಲ್ಲ ಮುಂದಿನವರಿಗೆ.

ಮನೆ ರುಚಿಯ ಲೆಕ್ಕ

ಮನೆ ಊಟದ ರುಚಿ ಎಲ್ಲಿಂದ ಬರುತ್ತದೆ? ಕೈಗುಣ ಎನ್ನುತ್ತೇವೆ. ಕೈಗುಣ ಅಂದರೆ ಕೈಯ ದುಡಿಮೆ. ಎಸರು ಕುದಿಸಿ ಹಿಟ್ಟಿಗೆ ಹಾಕಬೇಕು. ಸುಡುವ ಹಿಟ್ಟನ್ನು ಕೈಯಿಂದಲೇ ನಾದಬೇಕು. ಉಂಡಿ ಮಾಡಿ ಕೊಮಣಿಗೆಯ ಮೇಲೆ ತಿರುಗಿಸುತ್ತ ಬಡಿಯಬೇಕು. ಹಂಚಿಗೆ ಹಾಕಿ, ಒದ್ದೆ ಅರಿವೆಯಿಂದ ನೀರು ಸವರಿ, ಮಗುಚಿ, ಉಬ್ಬುವ ತನಕ ಒತ್ತಬೇಕು. ಆರು ಮಂದಿಯ ಮನೆಗೆ ಒಂದು ಹೊತ್ತಿಗೆ 15 ರೊಟ್ಟಿ ಹಿಡಿಯಿರಿ. ಒಂದಕ್ಕೆ 3 ನಿಮಿಷವಾದರೂ ಮುಕ್ಕಾಲು ತಾಸು ಒಲೆಯ ಮುಂದೆ. ಪಲ್ಯ, ಚಟ್ನಿ, ಸಾರು, ಮುಸುರಿ ಬೇರೆ. ಮನೆಯಲ್ಲಿ ಗ್ಯಾಸ್ ಬಂದರೂ ರೊಟ್ಟಿಗೆ ಮಾತ್ರ ಕಟ್ಟಿಗೆ ಒಲೆಯೇ ಆಗಬೇಕು ಎನ್ನುವ ಮನೆಗಳು ಇನ್ನೂ ಬೇಕಾದಷ್ಟಿವೆ. ಹೊಗೆ ಕುಡಿಯುವವರು ಯಾರು ಎಂದು ಕೇಳಬೇಕಿಲ್ಲ.

ದೇಶದ ಲೆಕ್ಕವೂ ಇದೆ. ಕೇಂದ್ರ ಸರ್ಕಾರ 2024ರಲ್ಲಿ ಮಾಡಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ. ಅಂದರೆ ಸುಮಾರು ಐದು ತಾಸು. ಮನೆಗೆಲಸಕ್ಕೆ ಕೈ ಹಾಕುವ ಗಂಡಸರು ಕೊಡುವುದು 88 ನಿಮಿಷ. ನೆನಪಿರಲಿ, ಇದು ಕೈ ಹಾಕುವ ಗಂಡಸರ ಲೆಕ್ಕ. ತಾಟು ಎತ್ತಿಡದವರು ಇದರೊಳಗೆ ಬಂದೇ ಇಲ್ಲ.

ಇನ್ನೊಂದು ಅಂಕಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ 47.8 ಶೇಕಡಾ ಮಂದಿಗೆ ರಕ್ತಹೀನತೆ ಇತ್ತು. ಹತ್ತಿರ ಹತ್ತಿರ ಇಬ್ಬರಲ್ಲಿ ಒಬ್ಬಳಿಗೆ. ರಕ್ತಹೀನತೆಗೆ ಕಾರಣ ಹಲವು ಇರುತ್ತವೆ, ಒಂದನ್ನೇ ಹಿಡಿದು ಹೇಳಲಾಗದು. ಆದರೆ ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಣ್ಣುವವಳ ತಾಟಿಗೆ ಕಾಳುಪಲ್ಯ ಎಷ್ಟು ಬೀಳುತ್ತದೆ, ಸೊಪ್ಪು ಎಷ್ಟು ಬೀಳುತ್ತದೆ ಎಂದು ಈ ಅಂಕಿ ಓದಿದವರು ತಮ್ಮ ಮನೆಯಲ್ಲಿ ಒಮ್ಮೆ ನೋಡಬೇಕು.

ಶಿಗ್ಗಾವಿ ತಾಲ್ಲೂಕಿನ ಬಾಡ ಕನಕದಾಸರ ಊರು. ಅವರ ‘ರಾಮಧಾನ್ಯ ಚರಿತೆ’ಯಲ್ಲಿ ಅಕ್ಕಿಗೂ ರಾಗಿಗೂ ಜಗಳ. ಯಾರು ದೊಡ್ಡವರು ಎಂದು. ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟಾಗ ಅಕ್ಕಿ ಕಂಗೆಟ್ಟಿತು, ರಾಗಿ ಗಟ್ಟಿ ನಿಂತಿತು, ರಾಗಿಗೇ ಗೆಲುವಾಯಿತು. ಬಡವರ ಧಾನ್ಯದ ಪರವಾಗಿ ಅಷ್ಟು ಹಿಂದೆಯೇ ಮಾತಾಡಿದ ದೊಡ್ಡ ಮನಸ್ಸು ಅದು. ಆ ಧಾನ್ಯವನ್ನು ಬೀಸಿದವರ ಮಾತು ನಮ್ಮ ಬೀಸುಕಲ್ಲಿನ ಪದಗಳಲ್ಲಿದೆ. ತವರು, ಹಸಿವು, ಅತ್ತೆಮನೆ, ಎಲ್ಲವೂ ಅದರೊಳಗಿದೆ. ಅಂಥ ಪದಗಳನ್ನು ಓದಿಸಲು, ಕೂಡಿಡಲು ಇದೇ ತಾಲ್ಲೂಕಿನ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವೇ ಇದೆ. ಬೀಸುವ ಕೆಲಸ ಗಿರಣಿಗೆ ಹೋಯಿತು. ಬಡಿಯುವ ಕೆಲಸ ಅಲ್ಲೇ ಉಳಿಯಿತು.

ನಿಮ್ಮ ತಕರಾರು ನಮಗೆ ಗೊತ್ತು

“ಹೊರಗಿನದು ತಿಂದ್ರ ಆರೋಗ್ಯ ಕೆಡತೈತಿ” ಎನ್ನುತ್ತೀರಿ. ಸುಳ್ಳಲ್ಲ. ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕಬಾರದೆಂದು ರಾಜ್ಯ ಸರ್ಕಾರ 2024ರ ಮಾರ್ಚಿನಲ್ಲಿ ಆದೇಶ ಮಾಡಬೇಕಾಯಿತು. ಇಡ್ಲಿ ಬೇಯಿಸುವಾಗ ಪ್ಲಾಸ್ಟಿಕ್ ಹಾಳೆ ಬಳಸಬಾರದೆಂದು 2025ರ ಫೆಬ್ರುವರಿಯಲ್ಲಿ ಹೇಳಬೇಕಾಯಿತು. ಗಾಡಿಯ ಮುಂದೆ ನಿಂತಾಗ ಎಣ್ಣೆ ಎಷ್ಟು ಕಪ್ಪಾಗಿದೆ ಎಂದು ನೋಡುವುದು ಗಿರಾಕಿಯ ಹಕ್ಕು. ಆದರೆ ಈ ಆರೋಗ್ಯದ ಚಿಂತೆ ಸಂಜೆ ನಾವು ಮಿರ್ಚಿ ತಿನ್ನುವಾಗ ಬರುವುದಿಲ್ಲ, ಮನೆಯ ಹೆಂಗಸರು ಕೇಳಿದಾಗ ಮಾತ್ರ ಬರುತ್ತದೆ.

“ರೊಕ್ಕ ಎಲ್ಲೈತಿ?” ಎನ್ನುತ್ತೀರಿ. ಇದು ನಿಜವಾದ ತಕರಾರು. 2025-26ಕ್ಕೆ ಗೋವಿನಜೋಳಕ್ಕೆ ಕೇಂದ್ರ ಗೊತ್ತು ಮಾಡಿದ ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ. ಆ ಬೆಲೆಯಾದರೂ ಕೈಗೆ ಬರಲಿ ಎಂದು ರೈತರು ಬೀದಿಗಿಳಿಯಬೇಕಾಯಿತು. ಅಂಥ ಹೊತ್ತಿನಲ್ಲಿ ಹೋಟೆಲಿನ ಮಾತು ಯಾರಿಗೆ ಬೇಕು? ಆದರೂ ಒಂದು ಲೆಕ್ಕ ಹಾಕೋಣ. ಚಹಾ, ಒಂದು ಮಿರ್ಚಿ, ಸ್ವಲ್ಪ ಮಂಡಕ್ಕಿ, ದಿನಕ್ಕೆ 30 ರೂಪಾಯಿ ಎಂದುಕೊಳ್ಳಿ. ತಿಂಗಳಿಗೆ 900. ಇದನ್ನು ನಾವು ಖರ್ಚು ಎಂದು ಬರೆದಿಡುವುದಿಲ್ಲ, ಕಿಸೆಯಿಂದ ತಾನಾಗಿ ಹೋಗುತ್ತದೆ. ವರ್ಷಕ್ಕೆ ನಾಲ್ಕು ಸಲ ಮನೆ ಮಂದಿಯೆಲ್ಲ ಖಾನಾವಳಿಯಲ್ಲಿ ಕೂತರೆ ಅದನ್ನು ದುಂದು ಎನ್ನುತ್ತೇವೆ.

“ನಮ್ಮ ಅವ್ವಗ ಮಾಡಿ ಹಾಕೂದ್ರಾಗ ಖುಷಿ” ಎನ್ನುವವರೂ ಇದ್ದಾರೆ. ಇದೂ ನಿಜ. ನಮ್ಮ ಅವ್ವನೂ ಹಾಗೆಯೇ. ಕರಿಂಡಿಯ ಗಡಿಗೆ ತೆರೆದು ಪಕ್ಕದ ಮನೆಗೆ ಕೊಡುವಾಗ ಆಕೆಯ ಮುಖ ನೋಡಬೇಕು. ಆ ಖುಷಿಯನ್ನು ಯಾರೂ ಕಿತ್ತುಕೊಳ್ಳಬಾರದು. ಆದರೆ ಬೇಸರವಾದ ದಿನ, ಜ್ವರ ಬಂದ ದಿನ, ಸುಮ್ಮನೆ ಕೂರಬೇಕೆನಿಸಿದ ದಿನ ‘ಇವತ್ತು ಮಾಡೂದಿಲ್ಲ’ ಎನ್ನುವ ಅವಕಾಶವೂ ಆಕೆಗೆ ಇರಬೇಕು.

“ಹೆಂಗಸರು ಹೊರಗೆ ಉಣ್ಣೂದು ನಮ್ಮ ಪದ್ಧತಿ ಅಲ್ಲ” ಎನ್ನುವವರಿಗೆ ಎಳ್ಳ ಅಮಾವಾಸ್ಯೆ ನೆನಪಿಸುತ್ತೇವೆ. ಚಕ್ಕಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂಮಿತಾಯಿಗೆ ಚರಗ ಚೆಲ್ಲಿ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹೋಳಿಗೆ, ಬುತ್ತಿ ಬಿಚ್ಚಿ ಎಲ್ಲರೂ ಬದುವಿನ ಮೇಲೆ ಕೂತು ಉಣ್ಣುವುದಿಲ್ಲವೇ? ಅಲ್ಲಿ ಹೆಂಗಸರು, ಗಂಡಸರು, ಮಕ್ಕಳು, ನೆರೆಹೊರೆ ಎಲ್ಲ ಒಂದೇ ಸಾಲು. ಹೊರಗೆ ಕೂಡಿ ಉಣ್ಣುವುದು ನಮಗೆ ಹೊಸದಲ್ಲ. ಆದರೆ ಆ ಬುತ್ತಿ ಕಟ್ಟಲು ಎದ್ದದ್ದು ನಸುಕಿನ ಮೂರಕ್ಕೆ ಎಂಬುದನ್ನೂ ಮರೆಯಬಾರದು.

ಅವ್ವನನ್ನು ಖಾನಾವಳಿಗೆ ಕರೆದೊಯ್ದ ದಿನ

ಇಷ್ಟೆಲ್ಲ ಉಪದೇಶ ಮಾಡುವ ನಾವು ಏನು ಮಾಡಿದೆವು? ಒಂದು ದಿನ ಅವ್ವನನ್ನೂ ಮನೆಯಾಕೆಯನ್ನೂ ಮಗಳನ್ನೂ ಕರೆದುಕೊಂಡು ಹಾನಗಲ್ಲಿಗೆ ಹೋದೆವು. ಮುಂಜಾನೆ ತಾರಕೇಶ್ವರ ಗುಡಿ. ಕಲ್ಲಿನಲ್ಲಿ ಅರಳಿಸಿದ ಕಮಲದ ಮಾಡನ್ನು ಅವ್ವ ಕುತ್ತಿಗೆ ನೋಯುವ ತನಕ ನೋಡಿದಳು. ಮಧ್ಯಾಹ್ನ ಒಂದು ಖಾನಾವಳಿಗೆ ಕರೆದೊಯ್ದೆವು. ಅವ್ವ ಬಾಗಿಲಲ್ಲೇ ನಿಂತಳು. “ಗಂಡಸರೇ ಅದಾರಲ್ಲೋ” ಎಂದಳು. ಮಾಲೀಕರು ಮುಂದಿನ ಮೇಜು ಖಾಲಿ ಮಾಡಿಸಿಕೊಟ್ಟರು, ಪರದೆಯ ಹಿಂದಕ್ಕೆ ಕಳಿಸಲಿಲ್ಲ.

ರೊಟ್ಟಿ ಬಂತು. ಉಬ್ಬಿ, ಹಬೆಯಾಡುತ್ತ. ಅವ್ವ ಮುರಿಯಲಿಲ್ಲ. ಎತ್ತಿ ಬೆಳಕಿಗೆ ಹಿಡಿದು ಅಂಚು ನೋಡಿದಳು, ಬೆನ್ನು ನೋಡಿದಳು. “ಕೈ ಚಲೋ ಐತಿ” ಎಂದು ಪಾಸು ಮಾಡಿದಳು. ಆಮೇಲೆ ಉಂಡಳು ನೋಡಿ. ನಡುವೆ ಏಳಲಿಲ್ಲ, ಯಾರಿಗೂ ಬಡಿಸಲಿಲ್ಲ, ಉಪ್ಪು ತರಲು ಓಡಲಿಲ್ಲ. ಎರಡು ಸಲ ಅಭ್ಯಾಸಬಲದಿಂದ ಎದ್ದು ನಿಂತಳು, ಮತ್ತೆ ಕೂತಳು. ಮೂರು ಬಿಸಿ ರೊಟ್ಟಿ. ನಮಗೆ ಬಹಳ ಹೆಮ್ಮೆ ಅನಿಸಿತು. ಏನೋ ದೊಡ್ಡ ಸಾಲ ತೀರಿಸಿದ ಹಾಗೆ.

ಕೈ ತೊಳೆಯಲು ಹೋದ ಅವ್ವ ಎಷ್ಟು ಹೊತ್ತಾದರೂ ಬರಲಿಲ್ಲ. ನೋಡಿದರೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಾಳೆ. ಒಳಗೆ ಇಬ್ಬರು ಹೆಂಗಸರು. ಒಬ್ಬಳು ಬಡಿಯುತ್ತಿದ್ದಾಳೆ, ಇನ್ನೊಬ್ಬಳು ಬೇಯಿಸುತ್ತಿದ್ದಾಳೆ. ಗೋಡೆ ಗಡಿಯಾರದಲ್ಲಿ ಮೂರು. ಅವ್ವ ಕೇಳಿದ್ದು ಒಂದೇ ಮಾತು: “ನೀವು ಉಂಡೀರೇನವಾ?” ಬಡಿಯುತ್ತಿದ್ದಾಕೆ ನಕ್ಕಳು. “ಗಿರಾಕಿ ಮುಗೀಲಿ ಬೇ” ಎಂದಳು.

ಬರುವಾಗ ಬಸ್ಸಿನಲ್ಲಿ ಅವ್ವ ಊಟದ ಬಗ್ಗೆ ಏನೂ ಹೇಳಲಿಲ್ಲ. “ಆ ಹುಡುಗಿ ಮೂರಕ್ಕೂ ಉಂಡಿರಲಿಲ್ಲ” ಎಂದಳು ಅಷ್ಟೇ.

ನಮಗೆ ಅಲ್ಲಿ ತಿಳಿಯಿತು. ನಮ್ಮ ಅವ್ವನಿಗೆ ಒಂದು ದಿನ ಬಿಸಿ ರೊಟ್ಟಿ ಸಿಕ್ಕಿತು, ಆದರೆ ಅದನ್ನು ಬಡಿದದ್ದು ಇನ್ನೊಬ್ಬರ ಅವ್ವ. ಹೊರಗೆ ಉಂಡು ಬಂದರೆ ಪ್ರಶ್ನೆ ಮುಗಿಯುವುದಿಲ್ಲ, ಒಂದು ಒಲೆಯಿಂದ ಇನ್ನೊಂದು ಒಲೆಗೆ ಹೋಗುತ್ತದೆ. ಖಾನಾವಳಿಯ ರೊಟ್ಟಿಗೆ ಕೂಲಿ ಇದೆ ಎನ್ನುವುದು ದೊಡ್ಡ ವ್ಯತ್ಯಾಸ, ಒಪ್ಪುತ್ತೇವೆ. ಆ ಕೂಲಿಯಿಂದ ಮಕ್ಕಳನ್ನು ಓದಿಸಿದವರು ನಮ್ಮ ಊರುಗಳಲ್ಲೇ ಇದ್ದಾರೆ. ಆದರೆ ಹೊತ್ತಿಗೆ ಸರಿಯಾಗಿ ಉಣ್ಣುವುದು ಕೂಲಿಯ ಜೊತೆ ಬರಬೇಕಾದ ಹಕ್ಕು.

ಹಾಗಾದರೆ ಏನು ಮಾಡೋಣ?

ಸರ್ಕಾರ ಮಾಡುವುದು ಒಂದಿಷ್ಟಿದೆ. 2024-25ರ ರಾಜ್ಯ ಬಜೆಟ್‌ನಲ್ಲಿ ಹೆಂಗಸರೇ ನಡೆಸುವ 50 ‘ಕೆಫೆ ಸಂಜೀವಿನಿ’ ತೆರೆಯುವ ಮಾತಿತ್ತು. ಊರಿನ ಊಟ, ಕಡಿಮೆ ದರ, ನಡೆಸುವವರು ಸ್ವಸಹಾಯ ಸಂಘದವರು. ಕಲಬುರಗಿಯಲ್ಲಿ ಜಿಲ್ಲಾಡಳಿತ ಮಹಿಳಾ ಸಂಘಗಳ ಜೋಳದ ರೊಟ್ಟಿಗೆ ‘ಕಲಬುರಗಿ ರೊಟ್ಟಿ’ ಎಂಬ ಹೆಸರು ಕೊಟ್ಟು ಮಾರುಕಟ್ಟೆಗೆ ತಂದಿತು. ನಮ್ಮ ನಾಲ್ಕು ತಾಲ್ಲೂಕಿನ ಸಂತೆಗಳಲ್ಲಿ ಇಂಥದ್ದೊಂದು ಹೆಂಗಸರ ಊಟದ ಮನೆ ಇದ್ದರೆ, ಪಕ್ಕದಲ್ಲೇ ಚಿಲಕ ಹಾಕುವ, ನೀರು ಬರುವ ಶೌಚಾಲಯ ಇದ್ದರೆ, ಮರದ ಕೆಳಗೆ ಹಸಿದು ಕೂತ ಆ ಅಕ್ಕ ಒಳಗೆ ಬರುತ್ತಿದ್ದಳು. ಪುರಸಭೆ, ಪಟ್ಟಣ ಪಂಚಾಯಿತಿಯ ಸದಸ್ಯರು ಮುಂದಿನ ಸಲ ಓಟು ಕೇಳಲು ಬಂದಾಗ ಹೆಂಗಸರು ಇದನ್ನೇ ಮೊದಲು ಕೇಳಬೇಕು.

ಹೋಟೆಲ್ ಮಾಲೀಕರಿಗೆ ಎರಡು ಮಾತು. ಹೆಂಗಸರ ಮೇಜು ಮುಂದೆ ಇರಲಿ, ಪರದೆ ತೆಗೆಯಿರಿ, ಶೌಚಾಲಯ ತೊಳೆಸಿಡಿ. ಶಕ್ತಿ ಬಸ್ಸಿನಿಂದ ಇಳಿಯುವ ಅಷ್ಟು ಮಂದಿ ನಿಮ್ಮ ಗಿರಾಕಿಗಳಾಗಬಹುದು, ಇದು ವ್ಯಾಪಾರದ ಮಾತೂ ಹೌದು. ಎರಡನೆಯದು, ಗಿರಾಕಿ ಬರುವ ಮೊದಲು, ಹನ್ನೆರಡಕ್ಕೆ, ಒಳಗಿನವರು ಉಣ್ಣಲಿ. ಹೊಟ್ಟೆ ತುಂಬಿದ ಕೈ ರೊಟ್ಟಿಯನ್ನೂ ಚಲೋ ಬಡಿಯುತ್ತದೆ.

ಉಳಿದದ್ದು ನಮ್ಮ ಮನೆಯ ಕೆಲಸ. ವಾರದಲ್ಲಿ ಒಂದು ಹೊತ್ತಾದರೂ ಬಡಿದಾಕೆ ಮೊದಲು ಉಣ್ಣಲಿ, ಬೇಯಿಸುವುದನ್ನು ಬೇರೆಯವರು ನೋಡಿಕೊಳ್ಳಲಿ. ಗಂಡು ಮಕ್ಕಳಿಗೆ ಹಿಟ್ಟು ನಾದುವುದನ್ನು ಕಲಿಸೋಣ, ನಾಳೆ ಬೆಂಗಳೂರಿನ ರೂಮಿನಲ್ಲಿ ಅವರಿಗೇ ಬೇಕಾಗುತ್ತದೆ. ಬೇಸರವಾದ ದಿನ ಓಣಿಯಲ್ಲಿ ರೊಟ್ಟಿ ಮಾರುವ ಮನೆಯಿಂದ ಹತ್ತು ರೊಟ್ಟಿ ತಂದರೆ ಅದು ಮರ್ಯಾದೆಯ ಪ್ರಶ್ನೆಯಲ್ಲ, ಇನ್ನೊಂದು ಮನೆಗೆ ಆದಾಯ. ಮದುವೆ, ಜಾತ್ರೆಗಳಲ್ಲಿ ಅಡುಗೆಗೆ ನಿಂತ ಹೆಂಗಸರದೇ ಮೊದಲ ಪಂಕ್ತಿ ಆಗಲಿ. ಸಂತೆಯ ಹೋಟೆಲಿನಲ್ಲಿ ಹೆಂಗಸೊಬ್ಬಳು ಒಬ್ಬಳೇ ಕೂತು ದೋಸೆ ತಿನ್ನುತ್ತಿದ್ದರೆ ನಮ್ಮ ಕಣ್ಣು ನಮ್ಮ ತಾಟಿನ ಮೇಲಿರಲಿ.

ನಾವು ಈಗ ಭಾನುವಾರ ರಾತ್ರಿ ಒಲೆಯ ಮುಂದೆ ಕೂರುತ್ತೇವೆ. ಬಡಿಯುವುದು ಇನ್ನೂ ಬಂದಿಲ್ಲ. ಒಂದು ರೊಟ್ಟಿ ಹರಿಯುತ್ತದೆ, ಇನ್ನೊಂದು ಕೊಮಣಿಗೆಗೆ ಅಂಟುತ್ತದೆ. ಕೈ ಎರಡು ಸಲ ಸುಟ್ಟಿದೆ. ಮಗಳು ವಿಡಿಯೊ ಮಾಡಿ ನಗುತ್ತಾಳೆ. ಹೋದ ವಾರ ಒಂದು ರೊಟ್ಟಿ ಅರ್ಧ ಉಬ್ಬಿತು. ಅದನ್ನು ಹಾಗೇ ಅವ್ವನ ತಾಟಿಗೆ ಹಾಕಿದೆವು. ಅವ್ವ ಮುರಿದು, ಚಟ್ನಿ ಹಚ್ಚಿ, ಬಾಯಿಗಿಟ್ಟುಕೊಂಡಳು. ನಾವು ಕಾದೆವು.

“ದಪ್ಪ ಆಗೇತಿ” ಎಂದಳು. ಸ್ವಲ್ಪ ಹೊತ್ತು ಬಿಟ್ಟು, “ಬಿಸಿ ಐತಿ. ಇನ್ನೊಂದ ಹಾಕು” ಎಂದಳು.